ಕನ್ನಡದ ಸಂಜೆ ಆರಾಧನೆಯನ್ನು ಉಳಿಸಿಕೊಡಿ: ಬಿಷಪರಿಗೂ ಸಭಾ ಸಮಿತಿಗೂ ಒಂದು ಬಹಿರಂಗ ಪತ್ರ

ಪೂಜ್ಯ ಬಿಷಪರಿಗೆ, ಮಾನ್ಯ ಸಭಾಪಾಲಕರಿಗೆ ಹಾಗೂ ಸಭಾ ಸಮಿತಿಯ ಹಿರಿಯರಿಗೆ,

ಕರ್ತನಾದ ಯೇಸು ಕ್ರಿಸ್ತನ ನಾಮದಲ್ಲಿ ವಂದನೆಗಳು.

ಮಧ್ಯ ಮುಂಬಯಿಯಲ್ಲಿರುವ ನಮ್ಮ ದೇವಾಲಯದ ಸೂಚನಾ ಫಲಕದ ಮೇಲೆ ಕಳೆದ ತಿಂಗಳು ಇಂಗ್ಲಿಷಿನ ಒಂದು ಹಾಳೆ ಅಂಟಿತು. ಭಾನುವಾರ ಸಂಜೆ ಐದು ಗಂಟೆಯ ಕನ್ನಡ ಆರಾಧನೆಯನ್ನು ಬೆಳಿಗ್ಗೆ ಎಂಟೂವರೆಯ ಇಂಗ್ಲಿಷ್ ಆರಾಧನೆಯಲ್ಲಿ ವಿಲೀನಗೊಳಿಸಲಾಗುವುದು, ಕನ್ನಡದವರಿಗೆ ತಿಂಗಳ ಕಡೆಯ ಭಾನುವಾರದ ಸಂಜೆ ಮಾತ್ರ ದೊರೆಯುವುದು, ಉಳಿದ ಸಂಜೆಗಳಲ್ಲಿ ಪಕ್ಕದ ಸಭಾಂಗಣವೂ ಅಂಗಳವೂ ಸಮಾರಂಭಗಳಿಗೆ ಬಾಡಿಗೆಗೆ ಹೋಗುವುವು ಎಂಬುದು ಅದರ ತಾತ್ಪರ್ಯ. ಈ ತೀರ್ಮಾನದಿಂದ ಹೆಚ್ಚು ಪೆಟ್ಟು ತಿನ್ನುವವರಿಗೆ ಆ ಹಾಳೆಯನ್ನು ಓದಲು ಬಾರದು. ಯೌವನಸ್ಥರ ಸಂಘದ ಹುಡುಗಿಯೊಬ್ಬಳು ಫಲಕದ ಮುಂದೆ ನಿಂತು ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳಿದಳು. ವಯಸ್ಸಾದವರು ಕೇಳಿ ಸುಮ್ಮನೆ ಒಳಗೆ ಹೋಗಿ ಕುಳಿತರು.

ನಾವು ಲಿಖಿತ ಮನವಿ ಕೊಟ್ಟೆವು. ಕಚೇರಿಯಲ್ಲಿ ಅದರ ಪ್ರತಿಗೆ ಮುದ್ರೆ ಒತ್ತಿ ಕೊಟ್ಟರು. ಉತ್ತರ ಬರಲಿಲ್ಲ. ಮತ್ತೆ ಕೇಳಿದಾಗ ತೀರ್ಮಾನ ಆಗಿಹೋಗಿದೆ, ಚರ್ಚೆಗೆ ಅವಕಾಶವಿಲ್ಲ ಎಂದರು. ಅದಕ್ಕಾಗಿ ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ. ದೇವಾಲಯದ ಹೆಸರನ್ನೂ ಧರ್ಮಪ್ರಾಂತದ ಹೆಸರನ್ನೂ ಬೇಕೆಂದೇ ಬಿಟ್ಟಿದ್ದೇನೆ. ನಮ್ಮ ಸಭೆಯ ಮಾನ ಬೀದಿಗೆ ಬೀಳಬೇಕೆಂಬುದು ನನ್ನ ಇಚ್ಛೆಯಲ್ಲ, ನನ್ನ ಮಾತು ತಮಗೆ ಮುಟ್ಟಿದರೆ ಸಾಕು.

ಹೊಸ ಸಮಿತಿಯಲ್ಲಿರುವ ಕಿರಿಯರಿಗೆ ನಮ್ಮ ಪೂರ್ವಾಪರ ತಿಳಿದಿರಲಿಕ್ಕಿಲ್ಲ, ಆದ್ದರಿಂದ ಸ್ವಲ್ಪ ಹೇಳುತ್ತೇನೆ. ಸಂಜೆಯ ಆರಾಧನೆಗೆ ಬರುವವರಲ್ಲಿ ಬೀದರ, ಕಲಬುರಗಿ ಕಡೆಯ ಮೆಥೊಡಿಸ್ಟ್ ಸಭೆಗಳಲ್ಲಿ ಬೆಳೆದವರು ಹೆಚ್ಚು. ಧಾರವಾಡ, ಹುಬ್ಬಳ್ಳಿ, ಗದಗ-ಬೆಟಗೇರಿ ಕಡೆಯಿಂದ ಬಂದ ಬಾಸೆಲ್ ಮಿಶನ್ ಮನೆತನದವರಿದ್ದಾರೆ. ಮಂಗಳೂರು, ಉಡುಪಿಯವರು ಕೆಲವರಿದ್ದಾರೆ. ಇವರ ತಂದೆ, ತಾತಂದಿರು ಗಿರಣಿಗಳಿಗೆ, ಬಂದರಿನ ಹಡಗುಕಟ್ಟೆಗೆ, ರೈಲ್ವೆ ಕಾರ್ಖಾನೆಗಳಿಗೆ ಕೆಲಸಕ್ಕೆ ಬಂದು ಪರೇಲ್, ಲಾಲ್‌ಬಾಗ್, ಬೈಕಲಾದ ಚಾಳುಗಳಲ್ಲಿ ನೆಲೆಸಿದರು. ಆಗ ದೇವಾಲಯಕ್ಕೆ ನಡೆದೇ ಬರುತ್ತಿದ್ದರು. 1982ರ ಜನವರಿಯಲ್ಲಿ ಆರಂಭವಾದ ಗಿರಣಿ ಮುಷ್ಕರದ ನಂತರ ಆ ಬದುಕು ಕುಸಿಯಿತು. ಕೆಲವರು ಊರಿಗೆ ಮರಳಿದರು, ಉಳಿದವರು ಬಾಡಿಗೆ ಕಡಿಮೆ ಇರುವಲ್ಲಿ ಸರಿಯುತ್ತ ಸರಿಯುತ್ತ ಡೊಂಬಿವಲಿ, ಕಲ್ಯಾಣ, ಅಂಬರ್‌ನಾಥ್, ನಾಲಾಸೋಪಾರಾ ಮುಟ್ಟಿದರು. ಮನೆ ದೂರವಾದರೂ ಸಭೆಯನ್ನು ಬಿಡಲಿಲ್ಲ. ಸಂಜೆಯ ಆರಾಧನೆಗೆ ಬರುವವರ ಸಂಖ್ಯೆ ಕಡಿಮೆ ಎನ್ನುವಾಗ, ಆ ಒಬ್ಬೊಬ್ಬರೂ ಎಷ್ಟು ದೂರದಿಂದ ಬಂದವರೆಂದು ದಯವಿಟ್ಟು ಒಮ್ಮೆ ಕೇಳಿ.

ಇನ್ನು ಬೆಳಗಿನ ಎಂಟೂವರೆಯ ಮಾತು. ನಮ್ಮಲ್ಲಿ ಮನೆಗೆಲಸ ಮಾಡುವ ಹೆಂಗಸರಿದ್ದಾರೆ. ಮಾಲೀಕರ ಮನೆಯವರೆಲ್ಲ ಮನೆಯಲ್ಲಿರುವ ದಿನ ಭಾನುವಾರ, ಆ ಬೆಳಿಗ್ಗೆ ಅವರಿಗೆ ರಜೆಯೆಂಬುದಿಲ್ಲ. ಹೋಟೆಲು, ಕ್ಯಾಟರಿಂಗ್ ಅಡುಗೆಮನೆಗಳಲ್ಲಿ ದುಡಿಯುವ ಹುಡುಗರಿಗೆ ಅದು ವಾರದ ಅತಿ ಬಿಡುವಿಲ್ಲದ ಹೊತ್ತು. ರಾತ್ರಿ ಪಾಳಿ ಮುಗಿಸಿದ ದಾದಿಯರು, ಕಾವಲುಗಾರರು ಆಗಷ್ಟೇ ಕಣ್ಣು ಮುಚ್ಚಿರುತ್ತಾರೆ. ಹೇಗೋ ಬಂದವರು ಆರಾಧನೆ ಮುಗಿಸಿ ಮನೆಗೆ ಮರಳುವ ಹೊತ್ತಿಗೆ ಹಳಿಗಳ ದುರಸ್ತಿಗೆಂದು ಗಾಡಿಗಳನ್ನು ತಡೆಯುವ ರೈಲ್ವೆಯ ಮೆಗಾಬ್ಲಾಕ್ ಶುರುವಾಗುತ್ತದೆ. ಮಾಟುಂಗಾ-ಮುಲುಂಡ್ ನಡುವೆ, ಇಲ್ಲವೇ ಹಾರ್ಬರ್ ಮಾರ್ಗದ ಕುರ್ಲಾ-ವಾಶಿ ನಡುವೆ ಭಾನುವಾರ ಹನ್ನೊಂದರಿಂದ ನಾಲ್ಕರವರೆಗೆ ಏನಾಗುತ್ತದೆಂಬುದು ಲೋಕಲ್‌ನಲ್ಲಿ ಓಡಾಡುವ ಯಾರಿಗೂ ಹೇಳಬೇಕಾಗಿಲ್ಲ. ಮೊಣಕಾಲು ನೋವಿನ ಮುದುಕಿಯರು ಆ ನೂಕುನುಗ್ಗಲಿನಲ್ಲಿ ನಿಂತು ಕಲ್ಯಾಣಕ್ಕೆ ಹೋಗಬೇಕು. ಬ್ಲಾಕ್ ಮುಗಿಯುವ ಹೊತ್ತನ್ನು ನೋಡಿಯೇ ನಮ್ಮ ಹಿರಿಯರು ಸಂಜೆಯ ಐದು ಗಂಟೆಯನ್ನು ಆರಿಸಿಕೊಂಡಿದ್ದರು.

ವಿಲೀನವೆಂದರೆ ಏನಾಗುತ್ತದೆ ಎಂಬುದನ್ನು ನಾವು ಊಹಿಸಿ ಹೇಳುತ್ತಿಲ್ಲ, ಅನುಭವಿಸಿ ಹೇಳುತ್ತಿದ್ದೇವೆ. ಕೊರೋನಾದ ಎರಡನೆಯ ಅಲೆಯ ನಂತರ, 2021ರ ಅಕ್ಟೋಬರ್ 7ರಂದು ಮಹಾರಾಷ್ಟ್ರದ ಪ್ರಾರ್ಥನಾ ಸ್ಥಳಗಳು ಮತ್ತೆ ತೆರೆದಾಗ, ಕನ್ನಡದವರು ಸದ್ಯಕ್ಕೆ ಬೆಳಗಿನ ಆರಾಧನೆಗೇ ಬರಲಿ ಎಂದು ತಾವು ಹೇಳಿದಿರಿ. ಕಾಲ ಅಂಥದ್ದು, ನಾವು ಒಪ್ಪಿದೆವು. ತಿಂಗಳುಗಟ್ಟಲೆ ಆ ವ್ಯವಸ್ಥೆ ನಡೆಯಿತು. ಆಗ ನಮ್ಮಲ್ಲಿ ಬಹುಪಾಲು ಜನ ಬರಲೇ ಇಲ್ಲ. ಕೆಲವರು ತಮ್ಮ ಬಡಾವಣೆಯ ಯಾವುದೋ ಬಾಡಿಗೆ ಕೋಣೆಯ ಪ್ರಾರ್ಥನೆಗೆ ಹೋದರು, ಕೆಲವರು ಎಲ್ಲಿಗೂ ಹೋಗಲಿಲ್ಲ. ಡೊಂಬಿವಲಿಯ ಒಬ್ಬ ವಿಧವೆ ತಾಯಿ ತೀರಿಕೊಂಡ ಸುದ್ದಿ ಸಭೆಗೆ ತಿಳಿದದ್ದು ಮಣ್ಣಾಗಿ ಹಲವು ದಿನಗಳ ಮೇಲೆ. ಸಂಜೆಯ ಸಭೆ ನಡೆಯುತ್ತಿದ್ದ ಕಾಲದಲ್ಲಿ ಆಕೆ ಒಂದು ಭಾನುವಾರ ಕಾಣದಿದ್ದರೆ ಆ ರಾತ್ರಿಯೇ ಯಾರಾದರೂ ಫೋನ್ ಮಾಡುತ್ತಿದ್ದರು.

ಬೆಳಗಿನ ಆರಾಧನೆಗೆ ಹೋದವರಲ್ಲಿ ನಾನೂ ಒಬ್ಬಳು. ನನ್ನ ಮುಂದಿನ ಬೆಂಚಿನಲ್ಲಿ ನಮ್ಮ ಹಳೆಯ ಗಿರಣಿ ಕಾರ್ಮಿಕರೊಬ್ಬರು ಕೂರುತ್ತಿದ್ದರು, ಎಂಬತ್ತು ದಾಟಿದ ಹಿರಿಯರು. ಕನ್ನಡದಲ್ಲಿ ಪಾಪನಿವೇದನೆಯ ಪ್ರಾರ್ಥನೆಯನ್ನು ಅವರು ಪುಸ್ತಕ ನೋಡದೆ, ಕಣ್ಣು ಮುಚ್ಚಿ, ಒಂದು ಪದ ಬಿಡದೆ ಹೇಳುತ್ತಿದ್ದವರು. ಅಲ್ಲಿ ಎಲ್ಲರೂ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಅದೇ ಪ್ರಾರ್ಥನೆ ಹೇಳುವಾಗ ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು, ಪಕ್ಕದವರು ಯಾವಾಗ ಪುಟ ತಿರುಗಿಸುತ್ತಾರೆಂದು ನೋಡುತ್ತ ನಿಂತಿರುತ್ತಿದ್ದರು. ಪಕ್ಕದವರು ತಿರುಗಿಸಿದಾಗ ತಾವೂ ತಿರುಗಿಸುತ್ತಿದ್ದರು. ಕೊನೆಗೆ ಬರುವ ಆಮೆನ್ ಒಂದೇ ಅವರ ಪಾಲಿಗೆ ಉಳಿದ ಮಾತು, ಅದನ್ನು ಮಾತ್ರ ಎಲ್ಲರಿಗಿಂತ ಜೋರಾಗಿ ಹೇಳುತ್ತಿದ್ದರು. ಪೂಜ್ಯರೇ, ತಪ್ಪೊಪ್ಪಿಕೊಳ್ಳುವ ಮಾತೂ ಬಾಯಿಗೆ ಬಾರದ ಕಡೆಗೆ ಎಂಬತ್ತು ವರ್ಷದ ವಿಶ್ವಾಸಿಯನ್ನು ಕಳುಹಿಸುವುದು ನ್ಯಾಯವೇ? ಇದನ್ನು ತಾವೇ ಯೋಚಿಸಬೇಕು.

ಮುಂಬಯಿಯಲ್ಲಿ ಇಷ್ಟು ವರ್ಷ ಇದ್ದವರಿಗೆ ಹಿಂದಿ, ಮರಾಠಿ ಬರುವುದಿಲ್ಲವೇ ಎಂದು ಸಮಿತಿಯ ಹಿರಿಯರೊಬ್ಬರು ಕೇಳಿದರು. ಬರುತ್ತದೆ. ತರಕಾರಿಯವರೊಡನೆ, ಬಸ್ಸಿನ ಕಂಡಕ್ಟರನೊಡನೆ, ಮುನ್ಸಿಪಾಲಿಟಿಯ ಕಿಟಕಿಯಲ್ಲಿ ನಾವು ಆ ಭಾಷೆಗಳನ್ನು ಸರಾಗವಾಗಿ ಆಡುತ್ತೇವೆ. ಮರಾಠಿಯ ಮೇಲೆ ನಮಗೆ ಪ್ರೀತಿಯಿದೆ. 1895ರಲ್ಲಿ ಇದೇ ಮುಂಬಯಿಯಲ್ಲಿ ದೀಕ್ಷಾಸ್ನಾನ ಪಡೆದ ಕವಿ ನಾರಾಯಣ ವಾಮನ ಟಿಳಕರ ಅಭಂಗಗಳನ್ನು ಮರಾಠಿ ಸಭೆಯವರೊಡನೆ ಸೇರಿ ಹಾಡುವಾಗ ನಮ್ಮ ಹಳಬರ ಕಣ್ಣಲ್ಲೂ ನೀರು ಬರುತ್ತದೆ. ಆದರೆ ಮಗು ಜ್ವರದಲ್ಲಿ ಮಲಗಿರುವಾಗ, ಗಂಡ ಕುಡಿದು ಬಂದು ಹೊಡೆದ ರಾತ್ರಿ, ಊರಿನಲ್ಲಿ ತಾಯಿ ಹಾಸಿಗೆ ಹಿಡಿದಿದ್ದಾಳೆಂದು ಕೇಳಿದಾಗ, ದೇವರೇ ಎಂದು ಕೂಗುವುದು ತಾಯಿಯ ಮಡಿಲಲ್ಲಿ ಕಲಿತ ಮಾತಿನಲ್ಲೇ. ಟಿಳಕರೂ ತಮ್ಮ ಮರಾಠಿಯಲ್ಲೇ, ವಾರಕರಿ ಸಂತರ ಅಭಂಗದ ಧಾಟಿಯಲ್ಲೇ ಕ್ರಿಸ್ತನನ್ನು ಹಾಡಿದರು.

ಪಂಡಿತಾ ರಮಾಬಾಯಿಯವರನ್ನು ನಮ್ಮ ಮಹಾರಾಷ್ಟ್ರದ ಸಭೆಗಳೆಲ್ಲ ಹೆಮ್ಮೆಯಿಂದ ನೆನೆಯುತ್ತವೆ. ಅವರು ಹುಟ್ಟಿದ್ದು 1858ರಲ್ಲಿ, ಕನ್ನಡ ನಾಡಿನ ಘಟ್ಟದ ಗಂಗಾಮೂಲದಲ್ಲಿ. ಪುಣೆ ಹತ್ತಿರದ ಕೇಡಗಾಂವಿನ ಮುಕ್ತಿ ಸದನದಲ್ಲಿ ನೂರಾರು ಅನಾಥ ಹೆಣ್ಣುಮಕ್ಕಳನ್ನು ಸಾಕಿದ ಆ ವಿದುಷಿ, ತಮ್ಮ ಕೊನೆಯ ವರ್ಷಗಳನ್ನು ಬೈಬಲನ್ನು ಮೂಲ ಭಾಷೆಗಳಿಂದ ಮರಾಠಿಗೆ ತರುವ ಕೆಲಸಕ್ಕೆ ಕೊಟ್ಟರು. ಆಗಲೇ ಒಂದು ಮರಾಠಿ ಬೈಬಲ್ ಇತ್ತು. ಹಾಗಿದ್ದರೂ ಓದು ಬಾರದ ಸಾಮಾನ್ಯ ಹೆಂಗಸರಿಗೂ ಅರ್ಥವಾಗುವ ಸರಳ ಮಾತಿನಲ್ಲಿ ಅದು ಬೇಕೆಂಬುದು ಅವರ ಹಂಬಲ. ಹಾಗೆಯೇ ಕನ್ನಡದಲ್ಲಿ ಬೈಬಲ್ ಬರಲು ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಯವರು ವರ್ಷಾನುಗಟ್ಟಲೆ ದುಡಿದರು, 1831ರ ಹೊತ್ತಿಗೆ ಇಡೀ ಗ್ರಂಥ ಕನ್ನಡದಲ್ಲಿ ಸಿಗುತ್ತಿತ್ತು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನವರು ಮೊದಲು ಕನ್ನಡ, ತುಳು ಕಲಿಯಲು ಕುಳಿತರು. ಕಥೋಲಿಕ ಸಹೋದರರು ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಲ್ಯಾಟಿನ್ನಿನಿಂದ ಜನರ ಭಾಷೆಗೆ ಬಂದರು. ಇಂದು ಈ ನಗರದಲ್ಲಿ ಕೊಂಕಣಿ, ಮರಾಠಿ, ತಮಿಳು ಪೂಜೆಗಳು ನಡೆಯುತ್ತಿವೆ. ಎಲ್ಲರೂ ಜನರ ಭಾಷೆಯತ್ತ ನಡೆದುಬಂದ ಹಾದಿಯಲ್ಲಿ ನಾವು ಮಾತ್ರ ಹಿಂದಕ್ಕೆ ಹೋಗಬೇಕಾದ ಕಾರಣ ನನಗೆ ಕಾಣುತ್ತಿಲ್ಲ.

ನಾನು ಹೇಳಬೇಕಾದ ಮುಖ್ಯ ಮಾತು ಇನ್ನೂ ಬೇರೆಯಿದೆ. ಸಮಿತಿಯವರು ಸಂಜೆಯ ಸಭೆಯನ್ನು ಅಳೆದದ್ದು ಮೊದಲ ಸಂಗೀತ ಹಾಡುವಾಗ ಬೆಂಚುಗಳ ಮೇಲೆ ಎಷ್ಟು ತಲೆಗಳಿವೆ ಎಂದು ಎಣಿಸಿ. ಆದರೆ ನಮ್ಮ ಸಭೆಯ ಅರ್ಧ ಕೆಲಸ ಆಶೀರ್ವಚನವಾದ ಮೇಲೆ, ಅಂಗಳದಲ್ಲಿ ನಡೆಯುತ್ತದೆ. ಸ್ತ್ರೀಯರ ಸಂಘದವರು ಸ್ಟೀಲಿನ ದೊಡ್ಡ ಕೆಟಲಿನಲ್ಲಿ ಚಹಾ ತರುತ್ತಾರೆ. ಬೀದರಿನ ಗಾಡಿಗೋ ಗದಗಿನ ಗಾಡಿಗೋ ಬಂದು ದಾದರಿನಲ್ಲಿ ಇಳಿದ ಹೊಸ ಮುಖವೊಂದು ಗೋಡೆಗೆ ಒರಗಿ ನಿಂತಿರುತ್ತದೆ. ಸಂಘದ ಕಾರ್ಯದರ್ಶಿ ಅಕ್ಕನ ಕೈಚೀಲದಲ್ಲಿ ರಟ್ಟು ಹೊದಿಸಿದ ಉದ್ದನೆಯ ನೋಟುಪುಸ್ತಕವಿದೆ. ಅದರಲ್ಲಿ ಅಡಿಕೋಲು ಇಟ್ಟು ಎಳೆದ ಗೆರೆಗಳ ನಡುವೆ ಹೆಸರು, ಊರು, ಊರಿನ ಸಭೆ, ಅಲ್ಲಿಯ ಸಭಾಪಾಲಕ ಅಯ್ಯನವರ ಹೆಸರು, ಇಲ್ಲಿ ಮಲಗುವುದು ಎಲ್ಲಿ, ಕೆಲಸ ಎಲ್ಲಿ, ಫೋನ್ ಎಂದು ಬರೆದಿದೆ. ಕೊನೆಯ ಅಂಕಣಕ್ಕೆ ಶೀರ್ಷಿಕೆಯಿಲ್ಲ. ಅದರಲ್ಲಿ ಪೆನ್ಸಿಲಿನಿಂದ ‘ಹೊದಿಕೆ ಇಲ್ಲ’, ‘ಸಂಬಳ ಸಿಕ್ಕಿಲ್ಲ’, ‘ಅವ್ವನಿಗೆ ಹುಷಾರಿಲ್ಲ’ ಎಂದು ಸಣ್ಣದಾಗಿ ಬರೆದಿರುತ್ತಾರೆ. ಕೆಲಸವಾದ ಮೇಲೆ ಅಳಿಸುತ್ತಾರೆ. ‘ಊಟ ಆಯಿತೇನಪ್ಪಾ ತಮ್ಮಾ’ ಎಂಬುದು ಆ ಅಕ್ಕ ಕೇಳುವ ಮೊದಲ ಪ್ರಶ್ನೆ, ಹೆಸರು ಕೇಳುವುದು ಆಮೇಲೆ.

ಭಾಲ್ಕಿ ಕಡೆಯ ಒಬ್ಬ ಹುಡುಗ ನವಿ ಮುಂಬಯಿಯ ಕ್ಯಾಟರಿಂಗ್ ಅಡುಗೆಮನೆಯಲ್ಲಿ ಕೆಲಸಕ್ಕೆ ಸೇರಿದ್ದ. ಕೆಲವು ವಾರ ತಪ್ಪದೆ ಬಂದವನು ಒಂದು ಭಾನುವಾರ ಕಾಣಲಿಲ್ಲ. ಅಕ್ಕ ನೋಟುಪುಸ್ತಕ ತೆಗೆದು ಫೋನ್ ಮಾಡಿದರು, ಎತ್ತಲಿಲ್ಲ. ಮರುದಿನ ಘನ್ಸೋಲಿಯಲ್ಲಿರುವ ನಮ್ಮ ಸಭೆಯ ಗಂಡಹೆಂಡಿರು ಆ ವಿಳಾಸ ಹಿಡಿದು ಹೋದರು. ಆರು ಜನ ಮಲಗುವ ಕೋಣೆಯಲ್ಲಿ ಅವನೊಬ್ಬನೇ ಇದ್ದ, ಜ್ವರ ಏರಿ ಮಾತು ತೊದಲುತ್ತಿತ್ತು. ಜೊತೆಯವರು ಪಾಳಿಗೆ ಹೋಗಿದ್ದರು. ಮುನ್ಸಿಪಲ್ ಆಸ್ಪತ್ರೆಗೆ ಸೇರಿಸಿದಾಗ ಡೆಂಗಿ ಎಂದರು. ಯೌವನಸ್ಥರ ಸಂಘದ ಹುಡುಗರು ಸರದಿಯ ಮೇಲೆ ಹೋಗಿ ರಕ್ತ ಕೊಟ್ಟರು, ರಾತ್ರಿ ಹಾಸಿಗೆಯ ಪಕ್ಕ ಕುಳಿತರು. ಊರಿನಿಂದ ಬಂದ ಅವನ ತಾಯಿಯನ್ನು ದಾದರಿನಲ್ಲಿ ಇಳಿಸಿಕೊಂಡು ಬಂದವರೂ ಇವರೇ. ನಾನು ದಾದಿಯಾಗಿ ದುಡಿದವಳು, ಇನ್ನೆರಡು ದಿನ ತಡವಾಗಿದ್ದರೆ ಏನಾಗಬಹುದಿತ್ತು ಎಂಬುದು ನನಗೆ ಗೊತ್ತು. ಮುನ್ನೂರು ಜನ ಸೇರಿ, ಮುಗಿದ ಕೂಡಲೇ ಕಾರುಗಳು ಹೊರಡುವ ಬೆಳಗಿನ ಆರಾಧನೆಯಲ್ಲಿ ಆ ಹುಡುಗ ಬಾರದಿದ್ದುದನ್ನು ಯಾರು ಗಮನಿಸುತ್ತಿದ್ದರು? ಬೆಳಗಿನವರು ಕೆಟ್ಟವರೆಂದು ನಾನು ಖಂಡಿತ ಹೇಳುತ್ತಿಲ್ಲ. ಅಲ್ಲಿ ಅವನ ಹೆಸರು ಬರೆದುಕೊಳ್ಳುವ ನೋಟುಪುಸ್ತಕವೂ ಇರಲಿಲ್ಲ, ಅವನ ಮಾತು ಆಡುವ ಅಕ್ಕನೂ ಇರಲಿಲ್ಲ.

ಈ ಸಭೆಯ ಬಗ್ಗೆ ನಾನು ಇಷ್ಟು ಹಟದಿಂದ ಬರೆಯಲು ನನ್ನ ಸ್ವಂತದ ಕಾರಣವೂ ಇದೆ. ನಾನು ಬೆಟಗೇರಿಯವಳು. ಅಲ್ಲಿಯ ಮಿಶನ್ ಆಸ್ಪತ್ರೆಯಲ್ಲಿ ನರ್ಸಿಂಗ್ ಕಲಿತು ಮುಂಬಯಿಗೆ ಬಂದೆ. ಊರಿನಲ್ಲಿ ದೇವಾಲಯಕ್ಕೆ ಹೋಗುತ್ತಿದ್ದದ್ದು ಅಪ್ಪ, ಅವ್ವ ಹೋಗುತ್ತಿದ್ದರೆಂದು. ದೀಕ್ಷಾಸ್ನಾನ, ಸ್ಥಿರೀಕರಣ ಎಲ್ಲವೂ ಆಯಾ ವಯಸ್ಸಿಗೆ ಆಗಿದ್ದವು. ವಿಶ್ವಾಸವೆಂಬುದು ಅಜ್ಜಿಯ ಕಾಲದ ಹಿತ್ತಾಳೆಯ ಕೊಡದ ಹಾಗೆ ಮನೆಯಲ್ಲಿತ್ತು, ನೀರು ತುಂಬಿಕೊಳ್ಳುವ ಪ್ರಸಂಗ ಬಂದಿರಲಿಲ್ಲ. ಮುಂಬಯಿಯ ದಾದಿಯರ ಹಾಸ್ಟೆಲಿನಲ್ಲಿ ಇರುವಾಗ ಅಪ್ಪ ತೀರಿಕೊಂಡ ಸುದ್ದಿ ಬಂತು. ಕೈಯಲ್ಲಿ ದುಡ್ಡಿಲ್ಲ, ಊರಿಗೆ ಹೋಗುವ ದಾರಿ ಸರಿಯಾಗಿ ಗೊತ್ತಿಲ್ಲ. ವಾರ್ಡಿನ ಹಿರಿಯ ಸಿಸ್ಟರೊಬ್ಬರು ಕನ್ನಡ ಸಭೆಯ ಯಾರಿಗೋ ಹೇಳಿಕಳುಹಿಸಿದರು. ನಾನು ಆ ಸಭೆಗೆ ಅದುವರೆಗೆ ಕಾಲಿಟ್ಟವಳಲ್ಲ, ಅವರಿಗೆ ನನ್ನ ಹೆಸರೂ ತಿಳಿಯದು. ಸಂಜೆಗೆ ನಾಲ್ಕು ಜನ ಹೆಂಗಸರು ಬಂದರು. ಬಂದವರು ಉಪದೇಶ ಮಾಡಲಿಲ್ಲ. ಒಬ್ಬರು ನನ್ನ ತಲೆ ಬಾಚಿ ಜಡೆ ಹಾಕಿದರು. ಒಬ್ಬರು ಬಟ್ಟೆ ಮಡಚಿ ಚೀಲಕ್ಕೆ ತುಂಬಿದರು. ಇನ್ನೊಬ್ಬರು ಇಪ್ಪತ್ತಮೂರನೆಯ ಕೀರ್ತನೆಯನ್ನು ಮೆಲ್ಲಗೆ ಓದಿದರು. ರಾತ್ರಿಯ ಬಸ್ಸಿಗೆ ಟಿಕೆಟ್ ತೆಗೆಸಿ, ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಕೈಗಿಟ್ಟರು. ಅವರ ಪೈಕಿ ಒಬ್ಬರ ಯಜಮಾನರು, ಮರುದಿನ ಕೆಲಸವಿದ್ದವರು, ರಜೆ ಹಾಕಿ ನನ್ನ ಜೊತೆ ಬಂದು ಬೆಟಗೇರಿಯ ಮನೆಯ ಬಾಗಿಲಿಗೆ ಮುಟ್ಟಿಸಿದರು. ಅಪ್ಪನ ಮಣ್ಣಿಗೆ ನಾನು ಇದ್ದೆ.

ಪರಿಶುದ್ಧರ ಅನ್ಯೋನ್ಯತೆಯನ್ನು ನಂಬುತ್ತೇನೆಂದು ವಿಶ್ವಾಸ ಪ್ರಮಾಣದಲ್ಲಿ ಚಿಕ್ಕಂದಿನಿಂದ ಬಾಯಿಪಾಠ ಒಪ್ಪಿಸುತ್ತ ಬಂದವಳಿಗೆ ಅದು ಏನೆಂದು ಕಣ್ಣಿಗೆ ಕಂಡದ್ದು ಆಗ. ನಾನು ಕ್ರಿಸ್ತನನ್ನು ನಂಬಿದ್ದು ಆ ನಂತರ, ಆ ಹೆಂಗಸರು ನಂಬುವ ದೇವರು ನಿಜವಾಗಿಯೂ ಇದ್ದಾನೆ ಎಂದು ಅನ್ನಿಸಿದ ಮೇಲೆ. ಆ ಟಿಕೆಟ್ಟಿನ ದುಡ್ಡು ಹಿಂದಿರುಗಿಸಲು ಹೋದ ಭಾನುವಾರವೇ ನನ್ನನ್ನು ಗಾನವೃಂದದ ಬೆಂಚಿನಲ್ಲಿ ಕೂರಿಸಿಕೊಂಡರು. ಆ ನಾಲ್ವರಲ್ಲಿ ಮೂವರು ಈಗ ಕರ್ತನ ಬಳಿಗೆ ಹೋಗಿದ್ದಾರೆ. ಉಳಿದ ಒಬ್ಬರು ಅಂಬರ್‌ನಾಥದಿಂದ ಈಗಲೂ ಸಂಜೆಯ ಆರಾಧನೆಗೆ ಬರುತ್ತಾರೆ. ಬೆಳಗಿನದಕ್ಕೆ ಬರಲು ಅವರಿಗೆ ಶಕ್ತಿಯಿಲ್ಲ. ತಾವು ಮುಚ್ಚಲು ಹೊರಟಿರುವುದು ಅವರ ಸಭೆಯನ್ನು.

ಸಮಿತಿ ಮುಂದಿಟ್ಟ ಕಾರಣಗಳನ್ನು ನಾನು ತಳ್ಳಿಹಾಕುವುದಿಲ್ಲ. ಮಳೆಗಾಲದಲ್ಲಿ ನಮ್ಮ ಹಾಜರಿ ಇಳಿಯುತ್ತದೆ, ನಿಜ. ಇಲ್ಲಿಯೇ ಹುಟ್ಟಿ ಇಂಗ್ಲಿಷ್ ಶಾಲೆಯಲ್ಲಿ ಓದಿದ ನಮ್ಮ ಮಕ್ಕಳಲ್ಲಿ ಹಲವರು ಬೆಳಗಿನ ಆರಾಧನೆಯನ್ನೇ ಇಷ್ಟಪಡುತ್ತಾರೆ, ಅದೂ ನಿಜ, ಅವರು ಸಂತೋಷವಾಗಿ ಹೋಗಲಿ. ಕಟ್ಟಡ ಹಳೆಯದು, ಚಾವಣಿಯ ರಿಪೇರಿಗೆ ಹಣ ಬೇಕು. ಕನ್ನಡ ಬಲ್ಲ ಸಭಾಪಾಲಕರು ಸಿಗುವುದು ಕಷ್ಟ. ಆದರೆ ಹಣದ ಲೆಕ್ಕ ಹಾಕುವಾಗ ನಮ್ಮನ್ನೊಮ್ಮೆ ಕರೆದು ಕೇಳಿದ್ದರೆ ದಾರಿ ಹುಡುಕುತ್ತಿದ್ದೆವು. ಮದುವೆಯ ಬಾಡಿಗೆಯಷ್ಟು ದುಡ್ಡು ನಮ್ಮ ಕಾಣಿಕೆ ಚೀಲದಲ್ಲಿ ಬೀಳುವುದಿಲ್ಲ. ಬೀಳುವ ಹತ್ತು, ಇಪ್ಪತ್ತರ ನೋಟುಗಳು ಯಾರ ಬೆವರಿನವು ಎಂದು ಯೇಸುಸ್ವಾಮಿ ಕಾಣಿಕೆ ಪೆಟ್ಟಿಗೆಯ ಎದುರು ಕುಳಿತು ನೋಡಿದ, ಎರಡೇ ಕಾಸು ಹಾಕಿದ ಬಡ ವಿಧವೆಯ ಪ್ರಸಂಗ ಓದುವ ಸಭೆಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಐಕ್ಯಕ್ಕಾಗಿ ಒಂದೇ ಆರಾಧನೆ ಎಂಬ ಮಾತೂ ಬಂದಿದೆ. ಅದಕ್ಕೆ ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯದಿಂದ ಉತ್ತರ ಕೊಡಲು ಅಪ್ಪಣೆಯಾಗಲಿ. ಯೆರೂಸಲೇಮಿನ ಸಭೆಯಲ್ಲಿ ಗ್ರೀಕ್ ಮಾತನಾಡುವವರು ದೂರು ತಂದರು: ದಿನದಿನದ ಹಂಚಿಕೆಯಲ್ಲಿ ನಮ್ಮ ವಿಧವೆಯರನ್ನು ಕಡೆಗಣಿಸುತ್ತಿದ್ದೀರಿ ಎಂದು. ಅಪೊಸ್ತಲರು ಅದನ್ನು ಗುಣುಗುಟ್ಟುವಿಕೆ ಎಂದು ಬದಿಗೆ ಸರಿಸಲಿಲ್ಲ. ನೀವೆಲ್ಲ ಇಬ್ರಿಯ ಕಲಿತು ಬನ್ನಿ ಎನ್ನಲಿಲ್ಲ. ಇಡೀ ಸಭೆಯನ್ನು ಕರೆಸಿದರು, ಏಳು ಜನರನ್ನು ಆರಿಸಲು ಹೇಳಿದರು. ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರುಗಳು. ದೂರು ತಂದ ಭಾಷೆಯವರ ಕೈಗೇ ಜವಾಬ್ದಾರಿ ಕೊಟ್ಟು ಐಕ್ಯ ಉಳಿಸಿಕೊಂಡ ಸಭೆ ಅದು. ಆ ಅಧ್ಯಾಯ ಮುಂದುವರಿದು ಶಿಷ್ಯರ ಸಂಖ್ಯೆ ಬಹಳ ಹೆಚ್ಚಿತು ಎಂದೂ ಹೇಳುತ್ತದೆ.

ನಮ್ಮಲ್ಲಿ ಆದದ್ದು ಬೇರೆ. ತೀರ್ಮಾನ ತೆಗೆದುಕೊಂಡ ಸಮಿತಿಯಲ್ಲಿ ಕನ್ನಡದ ಒಬ್ಬ ಪ್ರತಿನಿಧಿಯೂ ಇಲ್ಲ. ಇದಕ್ಕೆ ಕಾರಣ ವರ್ಗಾವಣೆ ಪತ್ರದ ತೊಡಕು. ಊರಿನ ಸಭಾಪಾಲಕರಿಂದ ಪತ್ರ ತರದವರ ಹೆಸರನ್ನು ಸದಸ್ಯರ ಪಟ್ಟಿಗೆ ಸೇರಿಸುವುದಿಲ್ಲ, ಪಟ್ಟಿಯಲ್ಲಿ ಇಲ್ಲದವರಿಗೆ ಮತವಿಲ್ಲ. ರಾತ್ರಿಯ ಗಾಡಿಗೆ ಬಟ್ಟೆಯ ಗಂಟು ಹಿಡಿದು ಹೊರಟ ಕೂಲಿಯವರು ಆ ಪತ್ರ ತಂದಿರುವುದಿಲ್ಲ. ಹೀಗೆ ವರ್ಷಗಟ್ಟಲೆ ಕಾಣಿಕೆ ಕೊಟ್ಟು, ಕಸ ಗುಡಿಸಿ, ಗಾನವೃಂದದಲ್ಲಿ ಹಾಡಿದವರು ಕಾಗದದ ಮೇಲೆ ಅತಿಥಿಗಳಾಗಿಯೇ ಉಳಿದಿದ್ದಾರೆ. ಸದಸ್ಯತ್ವ ಕೊಡದೆ, ಸದಸ್ಯರು ಕಡಿಮೆ ಎಂದು ಆರಾಧನೆ ನಿಲ್ಲಿಸುವುದು ಯಾವ ನ್ಯಾಯ? ಪಂಗಡ ಬೇರೆಯೆಂಬ ಆಕ್ಷೇಪವೂ ಕೆಲವೊಮ್ಮೆ ಕೇಳಿಬರುತ್ತದೆ. ದಕ್ಷಿಣ ಭಾರತ ಸಭೆ, ಉತ್ತರ ಭಾರತ ಸಭೆ, ಮಾರ್ ತೋಮಾ ಸಭೆಗಳು 1978ರಲ್ಲಿಯೇ ಜಂಟಿ ಪರಿಷತ್ತು ಕಟ್ಟಿಕೊಂಡು, ಕರ್ತನ ಮೇಜಿನಲ್ಲಿ ಪರಸ್ಪರರನ್ನು ತಮ್ಮವರೆಂದು ಒಪ್ಪಿಕೊಂಡ ದೇಶ ಇದು. ಅಂಥ ಉದಾರತೆ ಒಂದು ಸಭೆಯ ಕಚೇರಿಯ ಮೇಜಿನ ಮೇಲೂ ಕಾಣಬೇಕು.

ಆದ್ದರಿಂದ ತಮ್ಮಲ್ಲಿ ಕೇಳಿಕೊಳ್ಳುವುದು ಇಷ್ಟು. ವಿಲೀನದ ತೀರ್ಮಾನವನ್ನು ಈಗಲೇ ತಡೆಹಿಡಿಯಿರಿ. ಪ್ರತಿ ಭಾನುವಾರ ಸಂಜೆ ಐದರಿಂದ ಏಳರವರೆಗೆ ದೇವಾಲಯವನ್ನೂ ಅಂಗಳವನ್ನೂ ಕನ್ನಡ ಸಭೆಗೆ ಬಿಟ್ಟುಕೊಡಿ. ಅಂಗಳವೆಂದು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಆರಾಧನೆ ಮುಗಿದ ಹತ್ತು ನಿಮಿಷಕ್ಕೆ ಗೇಟು ಮುಚ್ಚಿದರೆ ನಮಗೆ ಸಿಕ್ಕಿದ್ದು ಅರ್ಧ ಸಭೆ ಮಾತ್ರ. ಬಾಡಿಗೆಯ ಸಮಾರಂಭಗಳಿಗೆ ಶನಿವಾರವಿದೆ, ಭಾನುವಾರ ಏಳೂವರೆಯ ನಂತರದ ಹೊತ್ತಿದೆ. ಸಂಜೆಯ ದೀಪ, ಫ್ಯಾನುಗಳ ಕರೆಂಟು ಬಿಲ್ಲನ್ನು ನಾವೇ ಕಟ್ಟುತ್ತೇವೆ, ಗುಡಿಸಿ ಒರೆಸುವ ಕೆಲಸ ಈಗಲೂ ನಮ್ಮದೇ. ಪ್ರತಿ ವಾರ ಕನ್ನಡದ ಸಭಾಪಾಲಕರು ಬೇಕೆಂದು ನಾವು ಹಟ ಹಿಡಿಯುವುದಿಲ್ಲ. ಪ್ರಸಂಗ ಮಾಡಬಲ್ಲ ಹಿರಿಯರು ನಮ್ಮಲ್ಲಿ ಇದ್ದಾರೆ, ಅವರಿಗೆ ತರಬೇತಿಯೂ ಪರವಾನಗಿಯೂ ಸಿಗಲಿ. ಕರ್ತನ ಭೋಜನಕ್ಕಾಗಿ ತಿಂಗಳಿಗೊಮ್ಮೆ ಸೊಲ್ಲಾಪುರ, ಬೆಳಗಾವಿ ಕಡೆಯಿಂದ ಕನ್ನಡ ಬಲ್ಲ ಅಯ್ಯನವರನ್ನು ಕರೆಸಲು ತಾವು ಒಂದು ಪತ್ರ ಬರೆದುಕೊಟ್ಟರೆ, ಅವರ ಪ್ರಯಾಣದ ಖರ್ಚನ್ನು ನಾವು ಹೊರುತ್ತೇವೆ.

ಮಕ್ಕಳ ವಿಷಯವನ್ನು ಮರೆಯಬಾರದು. ಸಂಜೆ ನಾಲ್ಕೂವರೆಗೆ ನಡೆಯುವ ಕನ್ನಡ ಭಾನುವಾರ ಶಾಲೆಗೆ ಮೊದಲಿನ ಕೋಣೆಯನ್ನೇ ಕೊಡಿ. ಬಹಳ ಮಕ್ಕಳು ಕನ್ನಡ ಅಕ್ಷರ ಕಲಿಯುವುದು ಅಲ್ಲಿ ಮಾತ್ರ, ಊರಿನ ಅಜ್ಜಿಗೆ ಓದಿ ಹೇಳುವ ಮೊದಲ ಪುಸ್ತಕ ಅವರಿಗೆ ಬೈಬಲ್. ವರ್ಗಾವಣೆ ಪತ್ರ ಇಲ್ಲದವರಿಗೆ, ನಿರ್ದಿಷ್ಟ ಕಾಲ ತಪ್ಪದೆ ಬಂದಿದ್ದಾರೆಂಬ ನಮ್ಮ ಹಿರಿಯರ ಸಾಕ್ಷಿಯ ಮೇಲೆ ಸದಸ್ಯತ್ವ ಕೊಡುವ ನಿಯಮ ಮಾಡಿ. ಸ್ತ್ರೀಯರ ಸಂಘದ ನೋಟುಪುಸ್ತಕಕ್ಕಿಂತ ಒಳ್ಳೆಯ ದಾಖಲೆ ಕಚೇರಿಯಲ್ಲಿಯೂ ಇರಲಾರದು. ಸಮಿತಿಯಲ್ಲಿ ಪ್ರತಿಯೊಂದು ಭಾಷೆಯ ಆರಾಧನೆಗೂ ಒಬ್ಬರಾದರೂ ಪ್ರತಿನಿಧಿ ಇರಲಿ, ಅವರಲ್ಲಿ ಹೆಂಗಸರೂ ಇರಲಿ. ನಮ್ಮ ಬಗ್ಗೆ ಅಂಟಿಸುವ ಸೂಚನೆಗಳು ನಮಗೆ ಓದಲು ಬರುವ ಅಕ್ಷರದಲ್ಲಿರಲಿ, ಬರೆದುಕೊಡಲು ನಾನು ಸಿದ್ಧಳಿದ್ದೇನೆ.

ಪೂಜ್ಯ ಬಿಷಪರೇ, ತಾವು ಒಂದು ಭಾನುವಾರ ಸಂಜೆ ಬನ್ನಿ. ಸ್ವಾಗತದ ಹಾರ, ಭಾಷಣ ಬೇಡ. ಆರಾಧನೆಯಲ್ಲಿ ನಮ್ಮ ನಡುವೆ ಕುಳಿತು, ಮುಗಿದ ಮೇಲೆ ಅಂಗಳದಲ್ಲಿ ಅರ್ಧ ಗಂಟೆ ನಿಂತು ಜನರನ್ನು ಮಾತಾಡಿಸಿ. ಆಮೇಲೆ ತಾವು ತೆಗೆದುಕೊಳ್ಳುವ ತೀರ್ಮಾನವನ್ನು ಗೌರವದಿಂದ ಕೇಳಿಸಿಕೊಳ್ಳುತ್ತೇವೆ.

ಮುಂದಿನ ಸಭಾ ಸಮಿತಿಯ ಕೂಟದಲ್ಲಿ ನಮ್ಮ ಪರವಾಗಿ ಇಬ್ಬರು ಮಾತನಾಡಲು ಅನುಮತಿ ಕೋರಿದ್ದೇವೆ. ಕ್ರಿಸ್ಮಸ್ಸಿಗೆ ಸಿದ್ಧವಾಗುವ ಆಗಮನ ಕಾಲದ ಮೊದಲ ಭಾನುವಾರಕ್ಕೆ ಮುಂಚೆ ತಮ್ಮ ಲಿಖಿತ ಉತ್ತರ ಬೇಕು. ಆ ವಾರದಿಂದ ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿಯ ಮನೆಗಳಿಗೆ ಕ್ರಿಸ್ಮಸ್ ಗಾಯನದ ತಂಡಗಳು ಹೊರಡಬೇಕು, ಅಭ್ಯಾಸಕ್ಕೆ ಎಲ್ಲಿ ಸೇರಬೇಕೆಂದು ಹುಡುಗರು ಈಗಾಗಲೇ ಕೇಳುತ್ತಿದ್ದಾರೆ.

ಕರ್ತನ ಸೇವೆಯಲ್ಲಿ ತಮ್ಮ ವಿಧೇಯಳು,
ಕನ್ನಡ ಸಭೆಯ ಸದಸ್ಯೆ, ನಿವೃತ್ತ ದಾದಿ
ಮುಂಬಯಿ